ಖಂಡೆ ಪೂಜೆಗೆ ಬೆಳಗಿದ ಟೊಪ್ಪಿಗೆ

ಹಳೆ ಬಟ್ಟೆಯನ್ನು ಹೊಸದರಂತೆ ಮಾಡಿಕೊಡಿ ಎಂದು ಕೇಳುವವರು ನನ್ನ ಅಂಗಡಿಗೆ ವಾರಕ್ಕೆ ನಾಲ್ಕು ಜನವಾದರೂ ಬರುತ್ತಾರೆ. ಹೊಚ್ಚ ಹೊಸದನ್ನು ಹೊಲಿದು, ಆಮೇಲೆ ಅದನ್ನು ಹತ್ತು ವರ್ಷ ಹಳೆಯದು ಮಾಡಿಕೊಡಿ ಎಂದು ಕೇಳಿದವರು ಇದುವರೆಗೆ ಒಬ್ಬರೇ. ಅವರು ಬೆಂಗಳೂರಿನ ಒಂದು ಸಿನಿಮಾ ತಂಡದಲ್ಲಿ ಉಡುಪಿನ ಉಸ್ತುವಾರಿ ನೋಡುವ ಮೇಡಂ. ದಸರೆಗೆ ಇನ್ನೂ ಒಂದು ತಿಂಗಳಿರುವಾಗ ಅವರ ಫೋನು ಬಂತು.

ಬೀದರಿನಲ್ಲಿ ನನ್ನದು ನಾಟಕದ ಡ್ರೆಸ್ಸುಗಳನ್ನು ಬಾಡಿಗೆಗೆ ಕೊಡುವ ಅಂಗಡಿ. ಶಾಲೆಗಳ ವಾರ್ಷಿಕ ಗ್ಯಾದರಿಂಗಿಗೆ ರಾಜರಾಣಿಯರು, ನಮ್ಮ ಚರ್ಚಿನ ಕ್ರಿಸ್ಮಸ್ ನಾಟಕಕ್ಕೆ ಕುರಿ ಕಾಯುವವರು ಮತ್ತು ರೋಮಿನ ಸಿಪಾಯಿಗಳು, ಹಳ್ಳಿಯ ನಾಟಕಗಳಿಗೆ ಸೇನಾಪತಿಗಳು. ಇಲ್ಲಿ ಎಲ್ಲವೂ ಹೊಳೆಯಬೇಕು. ರಟ್ಟಿನ ಕಿರೀಟಕ್ಕೆ ಅಂಟಿಸಿದ ಬಂಗಾರದ ಕಾಗದ ಕಟ್ಟಕಡೆಯ ಸಾಲಿನಲ್ಲಿ ಕುಳಿತವರಿಗೂ ಕಾಣಬೇಕು. ಹೊಳಪು ಕಡಿಮೆಯಾದರೆ ಗಿರಾಕಿ ಜಗಳಕ್ಕೇ ಬರುತ್ತಾನೆ.

ಮೇಡಂ ಹೇಳಿದ್ದು ಇಷ್ಟು. ಹಿಂದಿನ ಬೇಸಿಗೆಯಲ್ಲಿ ಅವರು ಬೀದರ ಕೋಟೆಯಲ್ಲಿ ಒಂದು ದೃಶ್ಯವನ್ನು ಅರ್ಧ ತೆಗೆದು ಹೋಗಿದ್ದರು. ಸುಲ್ತಾನರ ಕಾಲದ ಕಥೆ. ದಿಡ್ಡಿ ಬಾಗಿಲು ಕಾಯುವ ಮುದಿ ಸಿಪಾಯಿಯೊಬ್ಬ ಹೊರಗೆ ನಿಂತ ಶತ್ರುಗಳ ನಡುವೆ ತನ್ನ ಸ್ವಂತ ತಮ್ಮನನ್ನು ಗುರುತಿಸುತ್ತಾನೆ. ಗುರುತಿಸುವವರೆಗೆ ಚಿತ್ರೀಕರಣ ಆಗಿತ್ತು. ಬಾಗಿಲು ತೆರೆದು ತನ್ನವರ ಕೈಯಲ್ಲೇ ಸಾಯುವುದು ಬಾಕಿ ಇತ್ತು. ಅಷ್ಟರಲ್ಲಿ ಆ ಸಿಪಾಯಿಯ ಅಂಗಿ, ಕಬ್ಬಿಣದ ಟೊಪ್ಪಿಗೆ, ಢಾಲು, ಕತ್ತಿ ಎಲ್ಲಾ ಇದ್ದ ಪೆಟ್ಟಿಗೆ ಇನ್ನೊಂದು ಸಿನಿಮಾದ ಸಾಮಾನಿನ ಜೊತೆ ಸೇರಿ ಎಲ್ಲೋ ಹೋಗಿಬಿಟ್ಟಿತ್ತು.

"ತೆರೆ ಮೇಲೆ ಒಂದು ಕ್ಷಣ ಹಳೇ ಶಾಟ್ ಇರುತ್ತೆ, ಮುಂದಿನ ಕ್ಷಣ ಹೊಸದು ಬರುತ್ತೆ. ಒಂದು ಗೀರು ಹೆಚ್ಚು ಕಡಿಮೆ ಆದ್ರೂ ಕಣ್ಣಿಗೆ ಹೊಡೆಯುತ್ತೆ," ಎಂದರು ಮೇಡಂ. "ಪಾತ್ರ ಮಾಡಿದವರೂ ನಿಮ್ಮ ಕಡೆಯವರೇ, ಅಳತೆಗೆ ಸಿಗ್ತಾರೆ. ಅದಕ್ಕೇ ನಿಮ್ಮನ್ನ ಕೇಳ್ತಿದ್ದೀನಿ. ಹಬ್ಬ ಮುಗಿದ ನಾಲ್ಕನೇ ದಿನ ನನಗೆ ಫೋಟೋ ಬೇಕು. ಹೊಂದಲಿಲ್ಲ ಅಂದ್ರೆ ಡೈರೆಕ್ಟರ್ ಆ ದೃಶ್ಯಾನೇ ತೆಗೆದುಹಾಕ್ತಾರೆ."

ಯೋಚಿಸಿ ಹೇಳುತ್ತೇನೆ ಎಂದೆ. ಇಲ್ಲ ಎನ್ನುವುದೇ ಮನಸ್ಸಿನಲ್ಲಿತ್ತು. ಆದರೆ ಮರುದಿನ ಬೆಳಿಗ್ಗೆ ಪಾತ್ರ ಮಾಡಿದವರೇ ಅಂಗಡಿಗೆ ಬಂದು ನಿಂತರು. ನೋಡಿದರೆ ಪರಿಚಯದವರೇ. ಔರಾದ ಬಸ್ಸಿನ ಕಂಡಕ್ಟರ್, ಔರಾದ ತಾಲೂಕಿನ ಎಕಂಬಾ ಊರಿನವರು. ಊರ ನಾಟಕಕ್ಕೆ ಪ್ರತಿ ವರ್ಷ ನನ್ನಲ್ಲೇ ಡ್ರೆಸ್ ಒಯ್ಯುತ್ತಿದ್ದರು. ಡ್ಯೂಟಿಗೆ ಹೋಗುವ ದಾರಿಯಲ್ಲಿ ಬಂದಿದ್ದರು, ಹೆಗಲಿಗೆ ಚರ್ಮದ ಚೀಲ ಹಾಗೇ ಇತ್ತು.

"ಅಕ್ಕಾ, ಮೂವತ್ತ ವರ್ಷ ನಾಟಕ ಮಾಡೀನ್ರಿ," ಎಂದರು. "ಎಲ್ಲಾ ಮುಂಜಾನಿ ಆಗೋದ್ರಾಗ ಮುಗದು ಹೋಗ್ತಾವ. ಇದೊಂದು ಉಳಿಯೋದು ಇತ್ತು. ನಾಕ ಮಿನಿಟ್ ನಂದೇ ಮಾರಿ ಅದ ಅದ್ರಾಗ. ಆ ಸೀನ್ ತಗದ್ರಂದ್ರ, ನಾ ದೂರ ನಿಂತ ಹತ್ತು ಸಿಪಾಯಿಗೋಳದಾಗ ಒಬ್ಬ ಅಷ್ಟೇ. ಊರಿಗೆಲ್ಲಾ ಹೇಳಿ ಕುಂತೀನ್ರಿ."

"ಮಾಡ್ತೇನಿ ಬಿಡ್ರಿ," ಎಂದೆ. ಬಾಯಿ ತಪ್ಪಿ ಬಂದ ಮಾತು. ನನಗೆ ಈ ರೋಗ ಮೊದಲಿನಿಂದಲೂ ಇದೆ. ಎದುರಿಗೆ ನಿಂತವರ ಮುಖ ಸಣ್ಣದಾದರೆ ಇಲ್ಲ ಎನ್ನಲು ನಾಲಿಗೆ ಹೊರಳುವುದಿಲ್ಲ.

ಮೇಡಂ ವಾಟ್ಸಾಪಿನಲ್ಲಿ ನಲವತ್ತಕ್ಕೂ ಹೆಚ್ಚು ಚಿತ್ರ ಕಳಿಸಿದರು. ತೆಗೆದ ದೃಶ್ಯವನ್ನು ಅಲ್ಲಲ್ಲಿ ನಿಲ್ಲಿಸಿ ಹಿಡಿದ ಚಿತ್ರಗಳು. ಎಲ್ಲವನ್ನೂ ಪ್ರಿಂಟ್ ಹಾಕಿಸಿ ಅಂಗಡಿಯ ಗೋಡೆಗೆ ಅಂಟಿಸಿದೆ. ಮೊದಲು ಅಂಗಿಗೆ ಕೈ ಹಾಕಿದೆ, ಅದು ನನಗೆ ಬರುವ ಕೆಲಸ. ಎರಡು ಪದರ ದಪ್ಪ ಬಟ್ಟೆ, ನಡುವೆ ಹತ್ತಿ, ಮೇಲೆ ಕೌದಿಗೆ ಹಾಕುವಂಥ ಸಾಲು ಹೊಲಿಗೆ. ಚಿತ್ರದಲ್ಲಿ ಎಣಿಸಿದರೆ ಎದೆಯ ಮೇಲೆ ಹತ್ತೊಂಬತ್ತು ಸಾಲಿತ್ತು, ನಾನೂ ಹತ್ತೊಂಬತ್ತೇ ಹಾಕಿದೆ. ಬಣ್ಣಕ್ಕೆ ಜಾಲಿ ತೊಗಟೆಯನ್ನು ಚಹಾಪುಡಿಯ ಜೊತೆ ಕುದಿಸಿ, ಆ ನೀರಿನಲ್ಲಿ ಅದ್ದಿ ಮಾಳಿಗೆಯ ಮೇಲೆ ಒಣಹಾಕಿದೆ. ನಾಲ್ಕು ಸಲ ಅದ್ದಿದ ಮೇಲೆ ಚಿತ್ರದ ಬಣ್ಣಕ್ಕೆ ಬಂತು. ಮೊಣಕೈ, ಕೊರಳಪಟ್ಟಿ ಮತ್ತು ಕತ್ತಿ ತಾಗುವ ಎಡ ಮಗ್ಗುಲನ್ನು ಕೊಬ್ಬರಿ ತುರಿಯುವ ಮಣೆಗೆ ಹಚ್ಚಿ ಉಜ್ಜಿದೆ, ದಾರ ಎದ್ದು ಹತ್ತಿ ಇಣುಕುವವರೆಗೆ. ನನ್ನ ಅತ್ತೆ ಬಾಗಿಲಲ್ಲಿ ನಿಂತು ಇದನ್ನು ಬಹಳ ಹೊತ್ತು ನೋಡಿದರು.

"ಹೊಸ ಅಂಗಿ ಕೂತು ಹರಿಲಾಕತ್ತಿದಿ," ಎಂದರು. "ಆರಾಮ ಅದಿಯಿಲ್ಲೊ?"

ಕತ್ತಿಯ ಅಲುಗನ್ನು ಸಾಗವಾನಿಯಲ್ಲಿ ಕೆತ್ತಿಸಿ ಅದರ ಮೇಲೆ ತೆಳು ಅಲ್ಯೂಮಿನಿಯಂ ತಗಡು ಸುತ್ತಿದೆ. ಢಾಲಿಗೆ ಹಿಟ್ಟು ನಾದುವ ಹಳೆಯ ಪರಾತವೇ ಸಾಕಾಯಿತು. ಅವೆರಡೂ ಕ್ಯಾಮೆರಾದ ಹತ್ತಿರ ಬರುವುದಿಲ್ಲ ಎಂದು ಮೇಡಂ ಹೇಳಿದ್ದರು. ಹತ್ತಿರ ಬರುವುದು ಟೊಪ್ಪಿಗೆ. ದೃಶ್ಯದ ಉದ್ದಕ್ಕೂ ಕಂಡಕ್ಟರರ ಮುಖದ ಜೊತೆ ಅದು ಇದ್ದೇ ಇರುತ್ತದೆ, ತೆರೆಯ ತುಂಬ.

ಅದನ್ನು ರಟ್ಟಿನಲ್ಲಿ ಮಾಡಿ ಬಣ್ಣ ಬಳಿಯಲು ಬರುತ್ತಿರಲಿಲ್ಲ. ಭಾಲ್ಕಿಯಲ್ಲಿ ತಗಡಿನ ಟ್ರಂಕು, ಕಾಳಿನ ಕೋಠಿ ಮಾಡುವ ಕಾಕಾ ಒಬ್ಬರಿದ್ದಾರೆ. ಬೆಳಿಗ್ಗೆ ಕೊರಳಿನ ಲಿಂಗವನ್ನು ಪೂಜೆ ಮಾಡಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡ ಮೇಲೆಯೇ ಸುತ್ತಿಗೆ ಹಿಡಿಯುವವರು. ಹಿಡಿದರೆ ಊಟದವರೆಗೆ ಕೆಳಗಿಡುವುದಿಲ್ಲ. ಅವರಿಗೆ ಚಿತ್ರ ತೋರಿಸಿದೆ. ಅವರು ಇಪ್ಪತ್ತು ಗೇಜಿನ ಕಬ್ಬಿಣದ ತಗಡನ್ನು ಮರದ ಗುಳಿಯ ಮೇಲಿಟ್ಟು ಬಡಿದು, ಎರಡು ಅರ್ಧ ಮಾಡಿ, ಬೆಸೆದು, ಬೆಸುಗೆ ಕಾಣದ ಹಾಗೆ ಅರದಿಂದ ಸವರಿ ಕೊಟ್ಟರು. ಕಂಡಕ್ಟರರ ತಲೆಗೆ ಹೇಳಿ ಮಾಡಿಸಿದಂತೆ ಕೂತಿತು. ಹೇಳಿ ಮಾಡಿಸಿದ್ದೇ ಅಲ್ಲವೇ.

ಇನ್ನು ಅದರ ತಗ್ಗುಗಳು. ಹುಬ್ಬಿನ ಮೇಲೆ ಹೆಬ್ಬೆರಳು ಕೂರುವಷ್ಟು ದೊಡ್ಡ ತಗ್ಗು ಒಂದು, ನೆತ್ತಿಯ ಹತ್ತಿರ ಸಣ್ಣವು ಮೂರು. ಮೇಡಂ ಕಳಿಸಿದ ಚಿತ್ರಗಳಲ್ಲಿ ಕೋಟೆಯ ನೆರಳಿತ್ತು, ಸ್ಪಷ್ಟ ಇರಲಿಲ್ಲ. ಆದರೆ ಕಂಡಕ್ಟರರ ಮೊಬೈಲಿನಲ್ಲಿ ಬಿಸಿಲಲ್ಲಿ ತೆಗೆದುಕೊಂಡ ಒಂದು ಸೆಲ್ಫಿ ಇತ್ತು. ಅದರಲ್ಲಿ ಒಂದೊಂದು ಗೀರೂ ಕಾಣುತ್ತಿತ್ತು. ಅದನ್ನೇ ದೊಡ್ಡದು ಮಾಡಿಸಿ, ಮುಂದಿಟ್ಟುಕೊಂಡು, ಒಳಗೆ ಮರಳು ಚೀಲ ಇಟ್ಟು ಎಡ ಹುಬ್ಬಿನ ಮೇಲೆ ಸುತ್ತಿಗೆಯಿಂದ ತಗ್ಗು ಹಾಕಿದೆ. ಇಡೀ ಒಂದು ದಿನ ಹಿಡಿಯಿತು. ಗೋಡೆಯ ಚಿತ್ರಗಳ ಪಕ್ಕ ಹಿಡಿದು ನೋಡಿದರೆ ಏನೋ ಸರಿಯಿಲ್ಲ. ಕೊನೆಗೆ ಕಣ್ಣಿಗೆ ಬಿದ್ದದ್ದು ಕತ್ತಿ. ಸೆಲ್ಫಿಯಲ್ಲಿ ಅದು ಬಲಕ್ಕೆ ನೇತಾಡುತ್ತಿದೆ, ಸಿನಿಮಾದಲ್ಲಿ ಎಡಕ್ಕೆ. ಅವರ ಮೊಬೈಲು ಕನ್ನಡಿಯ ಹಾಗೆ ಎಡಬಲ ತಿರುಗಿಸಿತ್ತು. ಬಲ ಹುಬ್ಬಿನ ತಗ್ಗನ್ನು ನಾನು ಎಡಕ್ಕೆ ಹಾಕಿ ಕೂತಿದ್ದೆ.

ತಗ್ಗನ್ನು ಮತ್ತೆ ಎತ್ತಲು ಹೋದರೆ ತಗಡು ಹಿಗ್ಗಿ ಉಬ್ಬಿತು. ಕಾಕಾ ಬೇರೆಯದೇ ಬಡಿದುಕೊಟ್ಟರು. ನನ್ನ ತಪ್ಪಿನಿಂದ ಅವರಿಗೆ ಎರಡು ಬಾರಿ ಕೆಲಸ.

ಎರಡನೆಯದಕ್ಕೆ ಸರಿಯಾದ ಕಡೆ ತಗ್ಗು ಹಾಕಿ ಜಂಗು ಹಿಡಿಸಲು ಕೂತೆ. ನಮ್ಮ ಕಡೆ ತುಕ್ಕಿಗೆ ಜಂಗು ಎನ್ನುವುದೇ ರೂಢಿ. ವಿಷಯ ಓಣಿಯಲ್ಲಿ ಹಬ್ಬಿತ್ತು. ಬೀದರಿನಲ್ಲಿ ಲೋಹ ಕಪ್ಪಾಗಬೇಕು ಎಂದರೆ ಎಲ್ಲರ ಬಾಯಲ್ಲೂ ಒಂದೇ ಮದ್ದು, ಕಿಲ್ಲೆಯ, ಅಂದರೆ ಕೋಟೆಯ, ಮಣ್ಣು ಹಚ್ಚು. ಅದು ಬಿದರಿ ಹೂಜಿಯ ಸತುವಿಗೆ ಆಗುವ ಮಾತು, ಕಬ್ಬಿಣಕ್ಕಲ್ಲ ಎಂದು ಎಷ್ಟು ಹೇಳಿದರೂ ಕೇಳುವವರಿಲ್ಲ. ಅವರ ಸಮಾಧಾನಕ್ಕೆ ಒಂದು ಸಲ ಹಚ್ಚಿಯೂ ನೋಡಿದೆ. ಟೊಪ್ಪಿಗೆ ಮಣ್ಣಾಯಿತು, ತೊಳೆದೆ. ಆಮೇಲೆ ನನ್ನ ದಾರಿ ಹಿಡಿದೆ. ಸೋಡಾದಲ್ಲಿ ತೊಳೆದು ಎಣ್ಣೆಯ ಪಸೆ ತೆಗೆದು, ಸಿರ್ಕಾಕ್ಕೆ, ಅಂದರೆ ವಿನೆಗರಿಗೆ, ಉಪ್ಪು ಬೆರೆಸಿ ದಿನಕ್ಕೆ ಮೂರು ಸಲ ಚಿಮುಕಿಸಿ ಬಿಸಿಲಿಗೆ ಇಡುವುದು. ಹನ್ನೆರಡು ದಿನಕ್ಕೆ ಅದು ಕೆರೆಯಿಂದ ಎತ್ತಿದ ಸಾಮಾನಿನಂತೆ ಆಯಿತು. ಆ ಹನ್ನೆರಡು ದಿನ ಕೈ ಖಾಲಿ ಬಿಡದೆ, ಟೊಪ್ಪಿಗೆಯ ಹಿಂದೆ ಕುತ್ತಿಗೆಯ ಮೇಲೆ ಇಳಿಬೀಳುವ ಜಾಲರಿಯನ್ನು ಹೆಣೆದೆ. ಹಾರ್ಡ್‌ವೇರ್ ಅಂಗಡಿಯ ಸ್ಪ್ರಿಂಗ್ ವಾಷರುಗಳು, ಸಾವಿರದ ಮೇಲೆ. ಒಂದೊಂದನ್ನೂ ಇಕ್ಕಳದಲ್ಲಿ ತೆರೆದು, ನಾಲ್ಕರೊಳಗೆ ತೂರಿಸಿ, ಮುಚ್ಚುವುದು. ಬೆರಳಲ್ಲಿ ಬೊಬ್ಬೆ ಎದ್ದವು. ಅದಕ್ಕೂ ಜಂಗು ಹಿಡಿಸಿದೆ.

ಉಳಿದದ್ದು ಜಾಲರಿಯನ್ನು ಮತ್ತು ಮೂಗಿನ ಪಟ್ಟಿಯನ್ನು ಟೊಪ್ಪಿಗೆಗೆ ರಿವಿಟ್ ಹೊಡೆದು ಕೂಡಿಸುವುದು. ಮಹಾನವಮಿಗೆ ಎರಡು ದಿನ ಇದ್ದಾಗ ಭಾಲ್ಕಿಗೆ ಒಯ್ದು ಕಾಕಾನ ಕೈಗೆ ಕೊಟ್ಟೆ. ಅವರ ಹೆಂಡತಿಯೂ ಅಲ್ಲೇ ನಿಂತಿದ್ದರು.

"ಇದು ಭಾಳ ಮುಖ್ಯ ಸಾಮಾನ್ರಿ," ಎಂದೆ ಇಬ್ಬರಿಗೂ. "ನಿಮ್ಮ ಮನ್ಯಾಗಿನ ಎಲ್ಲಾಕ್ಕಿಂತ ಜೋಪಾನ ಇಡ್ರಿ."

ಈ ಮಾತು ಹೇಳದಿದ್ದರೆ ಚೆನ್ನಾಗಿತ್ತೋ ಏನೋ.

ಮಹಾನವಮಿಯ ದಿನ ಖಂಡೆ ಪೂಜೆ. ಕಮ್ಮಾರ, ಬಡಗಿ, ಡ್ರೈವರ್, ರೈತ, ಯಾರ ಹೊಟ್ಟೆಪಾಡು ಯಾವ ಉಪಕರಣದಿಂದಲೋ ಅದನ್ನು ತೊಳೆದು ಬೆಳಗಿ ಪೂಜಿಸುವ ದಿನ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಹುಟ್ಟಿದಾಗಿನಿಂದ ನೆರೆಮನೆಗಳಲ್ಲಿ ನೋಡಿದ್ದೇನೆ, ಹೋಳಿಗೆ ತಿಂದಿದ್ದೇನೆ. ಆದರೆ ನಮ್ಮ ಮನೆಯಲ್ಲಿ ಆ ಪೂಜೆ ಇಲ್ಲ, ನನ್ನ ಹೊಲಿಗೆ ಮಷೀನಿಗೆ ಯಾರೂ ಹೂ ಏರಿಸುವುದಿಲ್ಲ. ಹಾಗಾಗಿ ಅಂಗಡಿಗಳು ಬಂದ್ ಇರುತ್ತವೆ ಎಂಬುದು ಲೆಕ್ಕಕ್ಕೆ ಬಂತೇ ಹೊರತು, ಆ ದಿನ ಒಂದು ಕಬ್ಬಿಣದ ಸಾಮಾನು ಕಬ್ಬಿಣದ ಕೆಲಸದವರ ಮನೆಯಲ್ಲಿದ್ದರೆ ಏನಾಗುತ್ತದೆ ಎಂಬುದು ತಲೆಗೆ ಹೊಳೆಯಲಿಲ್ಲ.

ಮಧ್ಯಾಹ್ನ ಹೋದೆ. ಪಡಸಾಲೆಯಲ್ಲಿ ಕಂಬಳಿ ಹಾಸಿ ಸುತ್ತಿಗೆ, ಕತ್ತರಿ, ಅರ, ಇಕ್ಕಳ ಎಲ್ಲಾ ಸಾಲಾಗಿ ಇಟ್ಟಿದ್ದರು. ನಟ್ಟನಡುವೆ, ಎಲ್ಲಕ್ಕಿಂತ ಎತ್ತರಕ್ಕೆ, ಮಣೆಯ ಮೇಲೆ ನನ್ನ ಟೊಪ್ಪಿಗೆ. ಚೆಂಡು ಹೂವಿನ ಹಾರ, ಮೂರು ಬೆರಳಿನ ವಿಭೂತಿ. ಮುಖ ನೋಡಿಕೊಳ್ಳುವಷ್ಟು ಫಳಫಳ ಹೊಳೆಯುತ್ತಿತ್ತು. ಜಾಲರಿ ಬೆಳ್ಳಿಯ ಗೆಜ್ಜೆಯ ಹಾಗೆ ಹೊಳೆಯುತ್ತಿತ್ತು.

"ಹುಣಸಿಹಣ್ಣು, ಇಟ್ಟಂಗಿ ಪುಡಿ ಹಾಕಿ ನಾಕ ಸಲ ತಿಕ್ಕೀನ್ರಿ," ಎಂದರು ಕಾಕಾನ ಹೆಂಡತಿ, ತೋಳು ಒತ್ತಿಕೊಳ್ಳುತ್ತ. "ಭಾರಿ ಹಟಮಾರಿ ಜಂಗ್ರಿ ಅದು. ಮುಖ್ಯ ಸಾಮಾನ ಅಂದಿದ್ರಲ್ಲ, ಅದಕ್ಕ ಬಿಡಲಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಮರುಕ್ಷಣ ಅಳು ಬಂತು. ಎರಡನ್ನೂ ತೋರಿಸುವ ಹಾಗಿರಲಿಲ್ಲ, ಎದುರಿಗೆ ತಟ್ಟೆಯಲ್ಲಿ ಹೋಳಿಗೆ, ಮೇಲೆ ತುಪ್ಪ ಬಂದಿತ್ತು. ಅವರು ತಮ್ಮ ಹಬ್ಬದ ಮುಂಜಾವು ಇಡೀ ನನ್ನ ಸಾಮಾನಿಗೆ ಕೊಟ್ಟಿದ್ದರು. ಹೋಳಿಗೆ ಮುರಿದು ಹಾಗೇ ತಟ್ಟೆಯಲ್ಲಿಟ್ಟೆ. ಕಾಕಾ ನನ್ನ ಮುಖ ನೋಡಿ, "ಏನಾಯ್ತ್ರಿ?" ಎಂದರು. ಹೇಳಿದೆ. ಆ ಜಂಗು ಬೇಕೆಂದೇ ಹನ್ನೆರಡು ದಿನ ಕಾದು ಹಿಡಿಸಿದ್ದು ಎಂದೆ. ಅವರು ಹೆಂಡತಿಯನ್ನು ನೋಡಿದರು, ಹೆಂಡತಿ ಟೊಪ್ಪಿಗೆಯನ್ನು ನೋಡಿದರು.

"ಹೊಲಸ ಆಯುಧ ದೇವ್ರ ಮುಂದ ಹ್ಯಾಂಗ ಇಡೋದ್ರಿ," ಎಂದರು ಕಾಕಾ. ವಾದಕ್ಕೆ ಹೇಳಿದ್ದಲ್ಲ, ನಿಜವಾಗಿಯೂ ಕೇಳಿದ್ದು.

ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಕಿಟಕಿಯ ಬಿಸಿಲು ಅದಕ್ಕೆ ಬಿದ್ದು ಮುಂದಿನ ಸೀಟಿನವರ ಕಣ್ಣಿಗೆ ಹೊಡೆಯುತ್ತಿತ್ತು. ಐದು ದಿನದಲ್ಲಿ ಫೋಟೋ ಕಳಿಸಬೇಕು, ಹನ್ನೆರಡು ದಿನದ ಜಂಗು ಎಲ್ಲಿಂದ ತರಲಿ? ಮನೆಗೆ ಬಂದವಳೇ ಗಾಬರಿಯಲ್ಲಿ ನನಗೆ ಗೊತ್ತಿದ್ದ ಹಳೆಯ ವಿದ್ಯೆಗೆ ಕೈ ಹಾಕಿದೆ. ಕಂದು, ಕಪ್ಪು ಆಯಿಲ್ ಪೇಂಟ್ ತಂದು ಸ್ಪಂಜಿನಲ್ಲಿ ಒತ್ತಿ ಒತ್ತಿ ಜಂಗು ಬರೆದೆ. ದೂರದಿಂದ ಚೆನ್ನಾಗಿಯೇ ಇತ್ತು. ಹತ್ತಿರದಿಂದ ನೋಡುವ ಧೈರ್ಯ ಮಾಡಲಿಲ್ಲ.

ಮರುದಿನ ವಿಜಯದಶಮಿ. ಕಂಡಕ್ಟರ್ ಬನ್ನಿ ಎಲೆ ಹಿಡಿದು ಬಂದರು. "ಬನ್ನಿ ತಗೊಂಡು ಬಂಗಾರದ್ಹಂಗ ಇರೂಣ್ರಿ ಅಕ್ಕಾ," ಎಂದು ನನಗೂ ಅತ್ತೆಗೂ ಎಲೆ ಕೊಟ್ಟು ನಮಸ್ಕಾರ ಮಾಡಿದರು. ನಾನು ಚಹಾ ತರಲು ಒಳಗೆ ಹೋದೆ. ಬರುವಷ್ಟರಲ್ಲಿ ಅವರು ಟೊಪ್ಪಿಗೆಯನ್ನು ತಲೆಗೆ ಹಾಕಿಕೊಂಡು ಗೋಡೆಯ ಕನ್ನಡಿಯಲ್ಲಿ ನೋಡಿಕೊಳ್ಳುತ್ತಿದ್ದರು. ಬಣ್ಣ ಇನ್ನೂ ಒಣಗಿರಲಿಲ್ಲ. ನಾನು ಅಯ್ಯೋ ಎನ್ನುವುದರೊಳಗೆ ಗಾಬರಿಬಿದ್ದು ತೆಗೆದರು. ಎಡಗೈಯ ನಾಲ್ಕು ಬೆರಳು ಅಂಚಿನ ಮೇಲೆ, ಹೆಬ್ಬೆರಳು ಒಳಗೆ. ಬೆರಳು ಕೂತಲ್ಲಿ ಬಣ್ಣ ಎದ್ದು ಬಂತು, ಕೆಳಗಿನ ಬೆಳಗಿದ ಕಬ್ಬಿಣ ಕಂಡಿತು.

ಬೈಯಲು ಬಾಯಿ ತೆರೆದವಳು ಹಾಗೇ ನಿಂತೆ. ಎಡ ಕಿವಿಯ ಮೇಲೆ ನಾಲ್ಕು ಬೆರಳಗಲದ ಬಿಳಿ ಮಚ್ಚೆ. ಅದನ್ನು ನಾನು ಎಲ್ಲೋ ನೋಡಿದ್ದೆ. ತಿರುಗಿ ಗೋಡೆ ನೋಡಿದೆ. ಸಿನಿಮಾದ ಚಿತ್ರಗಳಲ್ಲಿ, ಎಡ ಕಿವಿಯ ಮೇಲೆ, ಅದೇ ಜಾಗದಲ್ಲಿ ಬಿಳುಪು. ಬಿಸಿಲು ಬಿದ್ದಿದೆ ಎಂದುಕೊಂಡು ಅದನ್ನು ಒಂದು ತಿಂಗಳು ಲೆಕ್ಕಕ್ಕೇ ಇಟ್ಟಿರಲಿಲ್ಲ. ನೆರಳಿನಲ್ಲಿ ತೆಗೆದ ಚಿತ್ರಗಳಲ್ಲೂ ಅದು ಇತ್ತು.

"ನೀವು ಯಾವಾಗ್ಲೂ ಎಡಗೈಲೇ ತಗೀತೀರೇನ್ರಿ?" ಎಂದು ಕೇಳಿದೆ.

"ಬಲಗೈಯಾಗ ಟಿಕೆಟ್ ಮಷೀನ್ ಇರ್ತದಲ್ರಿ," ಎಂದರು ಅವರು, ಬೆರಳಿನ ಬಣ್ಣ ಎಲ್ಲಿ ಒರೆಸುವುದೆಂದು ತಿಳಿಯದೆ. "ಕಂಬಿ ಹಿಡಿಯೋದು, ಬಾಗಿಲ ತಗಿಯೋದು, ಬೆವರ ಒರಸೋದು ಎಲ್ಲಾ ಎಡಗೈಲೇ. ರೂಢಿ ಆಗ್ಯಾದ."

ಬೇಸಿಗೆಯ ಶೂಟಿಂಗಿನಲ್ಲಿ ಎಂಟು ದಿನ ಅವರು ಆ ಹಳೆಯ ಟೊಪ್ಪಿಗೆಯನ್ನು ಎಡಗೈಯಿಂದ ಹಾಕಿ ತೆಗೆದು ಮಾಡಿದ್ದರು. ಅವರ ಬೆರಳೇ ಅಲ್ಲಿಯ ಜಂಗನ್ನು ಸವೆಸಿತ್ತು. ನನ್ನ ಹನ್ನೆರಡು ದಿನದ ಟೊಪ್ಪಿಗೆಯಲ್ಲಿ ಆ ಜಾಗ ಉಳಿದೆಲ್ಲದರಂತೆ ಕಂದಾಗಿತ್ತು. ಅಂದರೆ ಭಾಲ್ಕಿಯಲ್ಲಿ ಯಾರೂ ತಿಕ್ಕದಿದ್ದರೂ ನಾನು ಕಳಿಸುವುದು ತಪ್ಪು ಟೊಪ್ಪಿಗೆಯೇ ಆಗುತ್ತಿತ್ತು. ಅದು ಕೆರೆಯಲ್ಲಿ ಬಿದ್ದಿದ್ದ ಟೊಪ್ಪಿಗೆ. ದಿನಾ ಒಬ್ಬ ಮನುಷ್ಯ ತೊಟ್ಟ ಟೊಪ್ಪಿಗೆ ಅಲ್ಲ. ಕಾಕಾನ ಹೆಂಡತಿಯನ್ನು ಮನಸ್ಸಿನಲ್ಲಿ ಬೈದುಕೊಂಡದ್ದಕ್ಕೆ ನಾಚಿಕೆಯಾಯಿತು.

ಮೇಡಂಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಮುಚ್ಚಿಡಬಹುದಿತ್ತು, ಬಣ್ಣ ಒಣಗಿದ ಮೇಲೆ ಫೋಟೋ ಕಳಿಸಿ ನೋಡಬಹುದಿತ್ತು. ಕಂಡಕ್ಟರ್ ಎದುರಿಗೇ ಕೂತಿದ್ದರು, ಆ ಮನಸ್ಸಾಗಲಿಲ್ಲ. ಎಲ್ಲಾ ಬಣ್ಣ ತೆಗೆದು ಮೊದಲಿನಿಂದ ಶುರು ಮಾಡುತ್ತೇನೆ ಎಂದೆ.

"ನಾಲ್ಕು ದಿನ ಇದೆ," ಎಂದರು ಮೇಡಂ. "ಅದಕ್ಕಿಂತ ಒಂದು ದಿನವೂ ನನ್ನ ಕೈಲಿಲ್ಲ."

ಟರ್ಪೆಂಟೈನಿನಲ್ಲಿ ಬಣ್ಣವನ್ನೆಲ್ಲ ತೊಳೆದೆ. ಕಂಡಕ್ಟರ್ ರಜೆ ಹಾಕಿ ಬಂದರು. ಟೊಪ್ಪಿಗೆಗೆ ಎಲ್ಲೆಲ್ಲಿ ಏನು ತಾಗುತ್ತದೆ ಎಂದು ಕಾಣಲಿ ಎಂದು ಅವರ ಎರಡೂ ಅಂಗೈಗೆ ಮತ್ತು ಬಾಗಿಲಿಗೆ ದೀಪದ ಕಪ್ಪನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಹಚ್ಚಿದೆ. ಹಾಕಿಕೊಳ್ಳಿ, ತೆಗೆಯಿರಿ, ಬಾಗಿಲಿಗೆ ಒರಗಿರಿ, ಮತ್ತೆ ಹಾಕಿಕೊಳ್ಳಿ ಎಂದೆ. ಮೊದಲ ಹತ್ತು ಸಲ ಅವರು ದೇವರ ಮೂರ್ತಿ ಎತ್ತಿದ ಹಾಗೆ ಎರಡೂ ಕೈಯಲ್ಲಿ ಹಿಡಿದು ಎತ್ತಿದರು. ನೋಡುತ್ತಿದ್ದಾರೆ ಎಂದು ಗೊತ್ತಾದರೆ ಕೈ ಕೂಡ ನಾಟಕ ಮಾಡುತ್ತದೆ. ಗುರುತನ್ನೆಲ್ಲ ಒರೆಸಿ, ಬಸ್ಸಿನ ಸುದ್ದಿ ತೆಗೆದೆ. ಚಿಲ್ಲರೆ ಇಲ್ಲದವರ ಜೊತೆ, ಎರಡು ಸೀಟಿಗೆ ಚೀಲ ಇಟ್ಟು ಕೂರುವವರ ಜೊತೆ ಆಡುವ ಜಗಳ ಹೇಳಿ ಎಂದೆ. ಅವರು ಹೇಳುತ್ತ ಹೇಳುತ್ತ ಬಿಸಿಯಾದರು. ಆಗ ಕೈಗಳು ತಮ್ಮ ಪಾಡಿಗೆ ತಮ್ಮ ಕೆಲಸ ಮಾಡಿದವು. ನಲವತ್ತು ಸಲ ಆದ ಮೇಲೆ ನೋಡಿದರೆ ಎಡ ಕಿವಿಯ ಮೇಲೆ ನಾಲ್ಕು ಬೆರಳು, ಮೂಗಿನ ಪಟ್ಟಿಯ ತುದಿಯಲ್ಲಿ ಒಂದು ಹೆಬ್ಬೆರಳು, ಹಿಂದೆ ಬಾಗಿಲಿಗೆ ಒರಗುವಲ್ಲಿ ಅಂಗೈಯಗಲ. ಗೋಡೆಯ ಚಿತ್ರಗಳಲ್ಲಿ ಮೂರೂ ಇದ್ದವು.

ಆ ಮೂರು ಜಾಗದಲ್ಲಿ ಕಾಕಾನ ಮನೆಯ ಹೊಳಪನ್ನು ಉಳಿಸಿ, ಉಳಿದ ಕಡೆಯಲ್ಲೆಲ್ಲ ಜಂಗು ಹಿಡಿಸಬೇಕು. ಕಪ್ಪನ್ನು ಒರೆಸಿ ಅಲ್ಲಿ ಮೇಣದಬತ್ತಿ ಕರಗಿಸಿ ಕುಂಚದಿಂದ ಹಚ್ಚಿದೆ. ಅಂಚುಗಳನ್ನು ಬೆರಳಿನಿಂದ ತೀಡಿ ತೆಳು ಮಾಡಿದೆ, ಗೆರೆ ಎಳೆದ ಹಾಗೆ ಕಾಣಬಾರದು. ಇನ್ನು ಸಮಯದ ಪ್ರಶ್ನೆ. ಅದಕ್ಕೆ ದಾರಿ ತೋರಿಸಿದವಳು ನರ್ಸ್ ಆಗಿರುವ ನನ್ನ ತಂಗಿ. ಗಾಯ ತೊಳೆಯುವ ಪೆರಾಕ್ಸೈಡ್ ಕತ್ತರಿಯ ಮೇಲೆ ಚೆಲ್ಲಿದರೆ ಗಂಟೆಯೊಳಗೆ ಜಂಗು ಬರುತ್ತದೆ ಎಂದಳು, ಆಸ್ಪತ್ರೆಯಲ್ಲಿ ಅದಕ್ಕೇ ಬೈಸಿಕೊಂಡಿದ್ದಳಂತೆ. ಮಾಳಿಗೆಯ ಮೇಲೆ, ಗಾಳಿಗೆ ಬೆನ್ನು ಕೊಟ್ಟು, ರಬ್ಬರ್ ಕೈಗವಸು ಹಾಕಿಕೊಂಡು, ಪೆರಾಕ್ಸೈಡಿಗೆ ಸ್ವಲ್ಪ ಸಿರ್ಕಾ, ಉಪ್ಪು ಸೇರಿಸಿ ಚಿಮುಕಿಸಿದೆ. ಬುರುಬುರು ನೊರೆ ಬಂತು. ಕಣ್ಣೆದುರಿಗೇ ಕಬ್ಬಿಣ ಕೆಂಪಾಯಿತು.

ಸಂತೋಷ ಬಹಳ ಹೊತ್ತು ಉಳಿಯಲಿಲ್ಲ. ಹೊಸ ಜಂಗು ಕಿತ್ತಳೆ ಹಣ್ಣಿನ ಬಣ್ಣ. ಸಿನಿಮಾದ್ದು ಕಪ್ಪಿಗೆ ತಿರುಗಿದ ಕಂದು. ಒಂದು ಹಗಲು ಇಡೀ ಬಿಸಿಲಿಗಿಟ್ಟರೂ ಅದು ಕಿತ್ತಳೆಯೇ. ಅಂಗಿಗೆ ಕುದಿಸಿದ ಜಾಲಿ ತೊಗಟೆಯ ನೀರು ಒಂದು ಕೊಡದಲ್ಲಿ ಉಳಿದಿತ್ತು. ಆ ನೀರಿನ ಹನಿ ಬಿದ್ದ ಮೊಳೆಗಳು ಕಪ್ಪಾಗಿದ್ದು ಗಮನಕ್ಕೆ ಬಂದಿತ್ತು. ಬಟ್ಟೆಯಲ್ಲಿ ಅದ್ದಿ ಟೊಪ್ಪಿಗೆಯ ಒಳಬದಿಗೆ ಸ್ವಲ್ಪ ಹಚ್ಚಿ ನೋಡಿದೆ. ಅರ್ಧ ಗಂಟೆಗೆ ಕಿತ್ತಳೆ ಕಂದಾಯಿತು, ಎರಡನೆ ಸಲಕ್ಕೆ ಕಪ್ಪು ಹಿಡಿಯಿತು. ತಗ್ಗುಗಳಿಗೆ ಮೂರು ಸಲ, ಉಬ್ಬಿದಲ್ಲಿಗೆ ಒಂದು ಸಲ ಹಚ್ಚಿದೆ. ಬಿಸಿನೀರು ಸುರಿದು ಮೇಣ ತೆಗೆದೆ. ಕೊನೆಗೆ ಸಾಯಗಾಂವದ ಗಾಣದ ಕುಸುಬಿ ಎಣ್ಣೆಯನ್ನು ಕಾಯಿಸಿ ತೆಳ್ಳಗೆ ಸವರಿದೆ. ಆ ಎಣ್ಣೆ ಒಣಗಿ ಪೊರೆ ಕಟ್ಟುತ್ತದೆ, ಜಂಗು ಕೈಗೆ ಹತ್ತುವುದಿಲ್ಲ, ಮುಂದೆ ಹೆಚ್ಚುವುದೂ ಇಲ್ಲ.

ಈ ನಾಲ್ಕು ದಿನವೂ ಕಾಕಾ ಭಾಲ್ಕಿಯಿಂದ ಬೆಳಿಗ್ಗೆ ಸಂಜೆ ಫೋನ್ ಮಾಡುತ್ತಿದ್ದರು. ಜ್ವರ ಬಿದ್ದವರ ಮನೆಗೆ ಮಾಡುವ ಹಾಗೆ ಮೆತ್ತಗಿನ ದನಿ. "ಜಂಗ ಹತ್ತಿತೇನ್ರಿ?" ಹತ್ತಿತು ಎಂದ ದಿನ ಒಳಗಿದ್ದ ಹೆಂಡತಿಗೆ ಕೂಗಿ ಹೇಳಿದ್ದು ನನಗೂ ಕೇಳಿಸಿತು.

ನಾಲ್ಕನೇ ದಿನ ನಾಲ್ಕು ಮಗ್ಗುಲಿನಿಂದಲೂ ಫೋಟೋ ತೆಗೆದು ಕಳಿಸಿದೆ, ಈ ಸಲ ಎಡಬಲ ತಿರುಗಿಸದ, ಮೊಬೈಲಿನ ಹಿಂದಿನ ಕ್ಯಾಮೆರಾದಿಂದ. ಒಂದು ತಾಸಿನ ಮೇಲೆ ಮೇಡಂ ಅವರ ಉತ್ತರ ಬಂತು. ಬಂದು ತೆಗೆಯುತ್ತೇವೆ, ಹೊಂದುತ್ತದೋ ಇಲ್ಲವೋ ಅಲ್ಲೇ ಜೋಡಿಸಿ ನೋಡಿದ ಮೇಲೆ ಡೈರೆಕ್ಟರ್ ತೀರ್ಮಾನ ಮಾಡುತ್ತಾರೆ ಎಂದಿತ್ತು. ಕಂಡಕ್ಟರರಿಗೆ ಓದಿ ಹೇಳಿದೆ. ಅರ್ಧ ಖುಷಿಯಲ್ಲಿ ಹೋದರು.

ಮುಂದಿನ ವಾರ ಕೋಟೆಯಲ್ಲಿ ಶೂಟಿಂಗ್. ಕಂಡಕ್ಟರರ ಹೆಂಡತಿ ಎಕಂಬಾದಿಂದ ಬಂದು ಹಗ್ಗದ ಈಚೆ ನನ್ನ ಪಕ್ಕ ನಿಂತಿದ್ದರು. ಅವರ ಗಂಡ ದಿಡ್ಡಿ ಬಾಗಿಲ ಚಿಲಕ ತೆಗೆದರು, ಹೊರಗೆ ನೋಡಿದರು, ಹಿಂದಿನಿಂದ ಈಟಿ ಬಂತು, ಬಿದ್ದರು. ಏಳು ಸಲ ಬಿದ್ದರು. ಪ್ರತಿ ಸಲವೂ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡರು. ನಾನು ಟೊಪ್ಪಿಗೆ ನೆಲಕ್ಕೆ ಬಡಿದು ಹೊಸ ತಗ್ಗು ಬೀಳದಿರಲಿ ಎಂದು ಪ್ರಾರ್ಥನೆ ಮಾಡುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ಆ ಹೊತ್ತು ನನಗೆ ಮನುಷ್ಯನಿಗಿಂತ ಟೊಪ್ಪಿಗೆಯದೇ ಚಿಂತೆ.

ಮಧ್ಯಾಹ್ನ ಒಂದು ಕೊಡೆಯ ಕೆಳಗೆ ಬೇಸಿಗೆಯ ಅರ್ಧವನ್ನೂ ಈ ಅರ್ಧವನ್ನೂ ಜೋಡಿಸಿ ಸಣ್ಣ ತೆರೆಯ ಮೇಲೆ ಓಡಿಸಿದರು. ಡೈರೆಕ್ಟರ್ ಮುಂದೆ ಕೂತರು, ಮೇಡಂ ಬೆನ್ನ ಹಿಂದೆ. ನಮಗೂ ಕರೆ ಬಂತು. ಸಿಪಾಯಿಯ ಮುಖ, ತಮ್ಮನ ಮುಖ, ಮತ್ತೆ ಸಿಪಾಯಿಯ ಮುಖ, ಚಿಲಕ. ಎರಡು ಅರ್ಧ ಕೂಡುವ ಹೊಲಿಗೆ ಎಲ್ಲಿದೆ ಎಂದು ನಾನು ಕಣ್ಣು ಕಿರಿದು ಮಾಡಿ ಹುಡುಕುತ್ತಿದ್ದೆ. ಡೈರೆಕ್ಟರ್ ಮತ್ತೊಮ್ಮೆ ಹಾಕಿ ಎಂದರು. ಮತ್ತೊಮ್ಮೆ ಹಾಕಿದರು. ಆಗ ಕಂಡಕ್ಟರರ ಹೆಂಡತಿ ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದರು, "ಬ್ಯಾಸಗಿ ಶೂಟಿಂಗ್ ಯಾವಾಗ ತೋರಸ್ತಾರ್ರಿ? ಇದು ಇವತ್ತಿಂದೇ ಅದಲ್ಲ."

ಪಿಸುಮಾತು ಎಂದು ಅವರು ಅಂದುಕೊಂಡದ್ದು ಎಲ್ಲರಿಗೂ ಕೇಳಿಸಿತು. ಡೈರೆಕ್ಟರ್ ಹಿಂತಿರುಗಿ ಅವರನ್ನು ನೋಡಿದರು, ಆಮೇಲೆ ಮೇಡಂ ಕಡೆ ನೋಡಿ, "ಸರಿ, ಪೂರ್ತಿ ಇಟ್ಕೊಳ್ಳೋಣ," ಎಂದು ಎದ್ದು ಹೋದರು. ಮೇಡಂ ನನ್ನ ಭುಜ ಒತ್ತಿದರು. ಕಂಡಕ್ಟರ್ ದೂರದಲ್ಲಿ ಕಲ್ಲಿನ ಮೇಲೆ ಕೂತು ಕುತ್ತಿಗೆಯ ನಕಲಿ ರಕ್ತ ಒರೆಸಿಕೊಳ್ಳುತ್ತಿದ್ದರು. ನಾನು ಕೈ ಎತ್ತಿ ತೋರಿಸಿದೆ. ಅವರು ಎದ್ದು ನಿಂತವರು ಮತ್ತೆ ಕೂತರು, ಮುಖ ಆ ಕಡೆ ತಿರುಗಿಸಿಕೊಂಡರು.

ಅದಾದ ಮೂರನೆಯ ದಿನ ಶಾಲೆಯೊಂದರ ಗ್ಯಾದರಿಂಗಿನ ಅಳತೆಗೆ ನಾನು ಔರಾದಕ್ಕೆ ಹೊರಟೆ. ಅವರದೇ ಬಸ್ಸು. ಕಿಕ್ಕಿರಿದ ಜನದ ನಡುವೆ ಟಿಕೆಟ್ ಟಿಕೆಟ್ ಎನ್ನುತ್ತ ಬಂದರು. ಏಳು ಸಲ ಬಿದ್ದದ್ದಕ್ಕೆ ಟೊಪ್ಪಿಗೆಯ ಅಂಚು ಒತ್ತಿ, ಹಣೆಗೆ ಅಡ್ಡಲಾಗಿ ನೀಲಿಗಟ್ಟಿದ ಬಾಸುಂಡೆ ಎದ್ದಿತ್ತು. ನನ್ನ ಮುಂದಿನ ಸೀಟಿನಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಮುದುಕಿ ಅದನ್ನು ನೋಡಿ ಕೇಳಿದರು.

"ಹಣಿಗಿ ಏನ್ ಆಗ್ಯಾದೋ ತಮ್ಮಾ?"

"ಯುದ್ಧಕ್ಕ ಹೋಗಿದ್ದೆ ಅವ್ವ."

"ಗೆದ್ದಿಯೋ ಇಲ್ಲೋ?"

"ಸತ್ತೆ," ಎಂದರು ಕಂಡಕ್ಟರ್, ಮಷೀನಿನಿಂದ ಚೀಟಿ ಹರಿದು ಅವರ ಕೈಗಿಡುತ್ತ. "ನಾಕ ಮಿನಿಟ್ ಪೂರ್ತಿ ಸತ್ತೆ."